ಐದನೆಯ ತೋಟೆ

ಡೆಲ್ಮರ್ ರೌಶ್‌ನ ಅಂಗಡಿಗೆ ಒಂದು ಡಬ್ಬಿ ತೋಟೆ ಕೊಳ್ಳಲು ಹೋದವರು ಅರ್ಧ ಗಂಟೆಯೊಳಗೆ ಈಚೆ ಬಂದದ್ದನ್ನು ಕೊರ್ಬಿನ್ ಫೆರಿಯಲ್ಲಿ ಯಾರೂ ಕಂಡಿಲ್ಲ. ಅಂಗಡಿಯ ಮುಂಭಾಗದಲ್ಲಿ ಮೊಳೆ, ಪೈಪು, ಕೋಳಿಯ ಮೇವು. ಹಿಂಭಾಗದಲ್ಲಿ ಗಾಜಿನ ಕಟ್ಟೆ, ಅದರಾಚೆ ಬಂದೂಕು, ರಿವಾಲ್ವರು ಮತ್ತು ಡೆಲ್. ಮೊಳೆಯನ್ನು ಬಾಯಿ ಬಿಡದೆ ತೂಗಿ ಕೊಡುವ ಮನುಷ್ಯ, ತೋಟೆ ಕೇಳಿದರೆ ಮಾತ್ರ ಕನ್ನಡಕವನ್ನು ಹಣೆಗೇರಿಸಿ, ಮೊಣಕೈಯನ್ನು ಗಾಜಿಗೆ ಊರಿ, "ಯಾವುದಕ್ಕೆ?" ಎಂದು ಶುರು ಮಾಡುತ್ತಾನೆ. ಅಲ್ಲಿಗೆ ನಿಮ್ಮ ಬೆಳಗು ಮುಗಿಯಿತು. ಅವನು ಹೇಳುವುದರಲ್ಲಿ ಹೆಚ್ಚಿನದು ನಿಜ ಎಂಬುದೇ ದೊಡ್ಡ ಕಷ್ಟ.

ಅದರಲ್ಲೂ ದೊಡ್ಡ ಬಾಯಿಯ ಚಿಕ್ಕ ರಿವಾಲ್ವರಿನ ವಿಷಯ ಬಂತೆಂದರೆ ಮುಗಿದೇ ಹೋಯಿತು. ಕೋಟಿನ ಜೇಬಿಗೆ ಇಳಿಯುವಷ್ಟು ಪುಟ್ಟದು, ನಳಿಗೆ ಕಿರುಬೆರಳಿನಷ್ಟೇ ಉದ್ದ, ಆದರೆ ಗುಂಡು ಮಾತ್ರ ಹೆಬ್ಬೆರಳಿನಷ್ಟು ದಪ್ಪ, ಐದೇ ಐದು ಹಿಡಿಸುತ್ತವೆ. ಇದನ್ನು ಕೊಂಡವರೆಲ್ಲ ಮರುಗಳಿಗೆಯೇ ಅಂಗಡಿಯಲ್ಲಿರುವ ಅತಿ ಜೋರಿನ ತೋಟೆ ಕೇಳುತ್ತಾರೆ. ಹಗುರಾದ ಕೋವಿ, ಜೋರಾದ ಮದ್ದು. ಹಾರಿಸಿದಾಗಲೆಲ್ಲ ಕತ್ತೆಯಂತೆ ಒದೆಯುತ್ತದೆ. ಆ ಒದೆತಕ್ಕೆ ಕೋವಿ ಹಿಂದಕ್ಕೆ ಬರುತ್ತದೆ, ಒಳಗೆ ಸರದಿ ಕಾಯುತ್ತಿರುವ ತೋಟೆಗಳ ಗುಂಡು ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಹಾಗಾಗಿ ಹಿತ್ತಾಳೆಯ ಕೋಶದಿಂದ ಅದು ಕೂದಲೆಳೆಯಷ್ಟು ಮುಂದೆ ಜರುಗುತ್ತದೆ. ಹೀಗೆ ಜರುಗಿ ಜರುಗಿ, ತೋಟೆಗಳನ್ನು ಹೊತ್ತು ತಿರುಗುವ ಉರುಳೆಯ ಆಚೆಗೆ ಮೂತಿ ಚಾಚಿತೋ, ಉರುಳೆ ಕಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಕೈಯಲ್ಲಿ ಉಳಿಯುವುದು ಒಂದು ಕಬ್ಬಿಣದ ತುಂಡು.

ಇದಕ್ಕೆಂದೇ ಡೆಲ್ ಒಂದು ಶಾಸ್ತ್ರ ಮಾಡಿಕೊಂಡಿದ್ದ. ಅಂಗಡಿಯ ಹಿಂದಿರುವ ಹಳೆಯ ಜಲ್ಲಿ ಗುಂಡಿಗೆ ಗಿರಾಕಿಯನ್ನು ಕರೆದೊಯ್ಯುತ್ತಿದ್ದ. ಅವರದೇ ಕೋವಿ, ಅವರದೇ ಕೈ. ನಾಲ್ಕು ಹಾರಿಸಬೇಕು. ಐದನೆಯ ತೋಟೆಯನ್ನು ಹಾರಿಸದೆ ಹೊರಗೆ ತೆಗೆದು, ಡಬ್ಬಿಯ ಹೊಸ ತೋಟೆಯ ಪಕ್ಕದಲ್ಲಿ ನಿಲ್ಲಿಸಿ, ಅಳತೆಪಟ್ಟಿ ಹಿಡಿಯಬೇಕು. ಗುಂಡು ಜರುಗಿದ್ದರೆ ಆ ತೋಟೆ ಆ ಕೋವಿಗೆ ಇಲ್ಲ, ನೀವು ಊರಿನ ಮೇಯರೇ ಆಗಿದ್ದರೂ ಇಲ್ಲ. ಪಾದ್ರಿಗೂ ಹೀಗೇ ಮಾಡಿದ್ದ. ಪಾದ್ರಿ ಸಿಟ್ಟಾಗಿ ಎರಡು ವಾರ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಜಲ್ಲಿ ಗುಂಡಿಯಲ್ಲಿ ಇನ್ನೊಂದನ್ನೂ ಹೇಳಿಕೊಡುತ್ತಿದ್ದ, ಹಿಡಿತ. ಬಲಗೈ ಹೆಬ್ಬೆರಳನ್ನು ಕೆಳಕ್ಕೆ ಮಡಿಸಿ, ಅದರ ಮೇಲೆ ಎಡಗೈ ಹೆಬ್ಬೆರಳನ್ನು ಗಂಟು ಬಿಗಿದ ಹಾಗೆ ಅಡ್ಡ ಒತ್ತುವುದು. ಹೊಸಬರಿಗೆ ವಿಚಿತ್ರವೆನಿಸಿದರೂ ಕೋವಿ ಅಲುಗುತ್ತಿರಲಿಲ್ಲ. "ಇದನ್ನ ಯಾರು ಹೇಳ್ಕೊಟ್ರು ಡೆಲ್?" ಎಂದು ಕೇಳಿದರೆ, "ಯಾರೋ ಗೊತ್ತಿದ್ದೋರು," ಎಂದು ಮಾತು ಬದಲಿಸುತ್ತಿದ್ದ. ಮಾತಿನ ಮಲ್ಲ ಡೆಲ್ ಚಿಕ್ಕದಾಗಿ ಉತ್ತರಿಸುತ್ತಿದ್ದ ಪ್ರಶ್ನೆ ಇದೊಂದೇ.

ಅವನ ಹೆಂಡತಿ ನಡೀನ್. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಊರಿನ ಮಕ್ಕಳಿಗೆಲ್ಲ ಆಲೂಗಡ್ಡೆ ಬಡಿಸಿ ನಿವೃತ್ತಳಾದವಳು. ಒಂದು ಚಳಿಗಾಲ ಮನೆಯಲ್ಲಿ ಕೂತಳು. ಎರಡು ಕಂಬಳಿ ಹೆಣೆದಳು, ಡೆಲ್‌ನ ಕಪಾಟನ್ನು ಮೂರು ಸಲ ಜೋಡಿಸಿದಳು, ಮಾರ್ಚಿ ತಿಂಗಳಲ್ಲಿ ಕಾಲುವೆ ಕಂಪನಿಗೆ ಹೋಗಿ ಕೆಲಸ ಹಿಡಿದು ಬಂದಳು. ಕಾಲುವೆ ಸವಾರರ ಕೆಲಸ. ಹೆಸರಿಗಷ್ಟೇ ಸವಾರಿ. ಈಗ ಕುದುರೆಯಿಲ್ಲ, ಪಿಕಪ್ ಗಾಡಿ. ಹದಿನೆಂಟು ಮೈಲಿ ಕಾಲುವೆಯ ಏರಿಯ ಮೇಲೆ ಒಬ್ಬಳೇ ಹೋಗಿ, ಯಾರ ಸರದಿಯೋ ಅವರ ತೂಬೆತ್ತಿ, ಸರದಿ ಮುಗಿದವರದ್ದು ಇಳಿಸಿ, ಬೀಗ ಹಾಕಿ ಬರುವುದು.

"ಫೆಂಟನ್ ಕೈ ಏನಾಯ್ತು ಅಂತ ಗೊತ್ತಿದೆ ತಾನೆ?" ಎಂದ ಡೆಲ್.

"ಗೊತ್ತಿದೆ. ಅದಕ್ಕೇ ಕೆಲಸ ಖಾಲಿ ಇದ್ದಿದ್ದು," ಎಂದಳು ನಡೀನ್.

ಹಿಂದಿನ ಸವಾರ ಫೆಂಟನ್, ಕಳೆದ ಬೇಸಿಗೆಯಲ್ಲಿ ಮೇಲಿನ ತೂಬಿನ ಬೀಗ ಮುರಿಯುತ್ತಿದ್ದ ಒಬ್ಬನ ಎದುರಿಗೆ ಹೋಗಿ ಸಲಿಕೆಯ ಏಟಿಗೆ ಕೈ ಮುರಿದುಕೊಂಡಿದ್ದ. ಹೊಡೆದವನು ಇವತ್ತಿನವರೆಗೂ ಸಿಕ್ಕಿಲ್ಲ. ಅರ್ಧ ಕಾಲುವೆಯ ಉದ್ದಕ್ಕೂ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಬೇಡವೆಂದರೆ ನಡೀನ್ ಕೇಳುವವಳಲ್ಲ, ಅದು ಡೆಲ್‌ಗೆ ಗೊತ್ತು. ಹಾಗಾಗಿ ಅವನ ಪ್ರಾಣವೆಲ್ಲ ಒಂದೇ ವಿಷಯಕ್ಕೆ ಅಂಟಿಕೊಂಡಿತು. ಆ ಪಿಕಪ್ ಪ್ರತಿದಿನ ಸಂಜೆ ಮನೆಯ ಮುಂದೆ ಬಂದು ನಿಲ್ಲಬೇಕು, ಅದರಿಂದ ನಡೀನ್ ಇಳಿಯಬೇಕು. ಅದಕ್ಕೆ ಅವಳ ಜೇಬಿನಲ್ಲಿ ಏನಿರಬೇಕು?

ಪುಟ್ಟ ರಿವಾಲ್ವರನ್ನು ಒಂದೇ ದಿನದಲ್ಲಿ ಆರಿಸಿದ. ತೋಟೆ ಆರಿಸಲು ಮೂರು ವಾರ ಹಿಡಿಯಿತು. ಮೂತಿಯಲ್ಲಿ ಗುಳಿಯಿರುವ ಹೊಸ ಬಗೆಯ ಗುಂಡುಗಳು ತಗುಲಿದೊಡನೆ ಹೂವಿನಂತೆ ಅರಳಬೇಕು, ಅರಳಿದರೆ ತಗುಲಿದಲ್ಲೇ ನಿಲ್ಲುತ್ತವೆ, ಆಚೆ ಹಾಯ್ದು ಹೋಗುವುದಿಲ್ಲ. ಆದರೆ ಗಿಡ್ಡ ನಳಿಗೆಯಿಂದ ನಿಧಾನವಾಗಿ ಬಂದ ಗುಂಡು ಅರಳದೆ ಮೊಂಡಾಟ ಮಾಡುತ್ತದೆ, ದಪ್ಪ ಬಟ್ಟೆ ಅಡ್ಡ ಬಂದರಂತೂ ಗುಳಿ ಮುಚ್ಚಿಹೋಗುತ್ತದೆ. ಇದನ್ನು ಪರೀಕ್ಷಿಸಲು ಡೆಲ್ ಊರಿನ ಖಾಲಿ ಹಾಲಿನ ಕ್ಯಾನುಗಳನ್ನೆಲ್ಲ ಬೇಡಿ ತಂದ. ನೀರು ತುಂಬಿ ಸಾಲಾಗಿಟ್ಟ. ಮುಂದೆ ಜೀನ್ಸ್ ಬಟ್ಟೆಯ ನಾಲ್ಕು ಪದರ ತೂಗುಹಾಕಿದ. ಆರು ಬಗೆಯ ತೋಟೆ ಹಾರಿಸಿ, ನೀರಿನಿಂದ ಗುಂಡು ಹೆಕ್ಕಿ, ಒಂದೊಂದನ್ನೂ ಪುಟ್ಟ ಕೇಕು ಬೇಯಿಸುವ ಮಫಿನ್ ತಟ್ಟೆಯ ಗುಳಿಗಳಲ್ಲಿ ಜೋಡಿಸಿ ಅಡುಗೆಮನೆಗೆ ತಂದ.

"ಇವು ಬಸವನಹುಳು ತರ ಇವೆ," ಎಂದಳು ನಡೀನ್. ಆಮೇಲೆ ದನಿ ಬದಲಾಯಿತು. "ಡೆಲ್, ಆ ಜೀನ್ಸ್ ಬಟ್ಟೆ ಎಲ್ಲಿಂದ ತಂದೆ?"

"ಹಳೇದು."

"ಯಾರ ಹಳೇದು?"

ಅದು ಅವಳದ್ದೇ. ಹಳೆಯದೂ ಆಗಿರಲಿಲ್ಲ. ಎರಡು ದಿನ ಡೆಲ್ ತಣ್ಣಗಿನ ಮಾಂಸದ ರೊಟ್ಟಿ ತಿಂದ.

ಕೊನೆಗೆ ಆರಿಸಿದ್ದು ಎಲ್ಲಕ್ಕಿಂತ ವೇಗದ್ದು. ನಾಲ್ಕು ಪದರ ದಾಟಿ ಚೆಂದವಾಗಿ ಅರಳಿದ್ದು ಅದೊಂದೇ. ಐದನ್ನು ತುಂಬಿ, ರಿವಾಲ್ವರನ್ನು ಅವಳ ಕೋಟಿನ ಪಕ್ಕದಲ್ಲಿಟ್ಟ. ಜಲ್ಲಿ ಗುಂಡಿಗೆ ಬಾ ಎಂದು ಮಾತ್ರ ಕರೆಯಲಿಲ್ಲ. ಪಾದ್ರಿಯನ್ನೂ ಬಿಡದವನು ತನ್ನ ಹೆಂಡತಿಗೆ ಆ ಶಾಸ್ತ್ರ ಮಾಡಲಿಲ್ಲ.

ಕಾರಣ ನಲವತ್ತೊಂದು ವರ್ಷ ಹಿಂದಿನದು. ಮದುವೆಯಾದ ಹೊಸದರಲ್ಲಿ ಅವಳು ಇದೇ ಗುಂಡಿಯಲ್ಲಿ, ಅವನ ಇಬ್ಬರು ಅಣ್ಣಂದಿರ ಮುಂದೆ, ರಿವಾಲ್ವರ್ ಹಿಡಿದಿದ್ದಳು. ಡೆಲ್ ನಕ್ಕು, "ಹಾಗಲ್ಲ ಕಣೇ ಹಿಡಿಯೋದು, ಹೀಗೆ," ಎಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಇಟ್ಟಿದ್ದ. ಅಣ್ಣಂದಿರೂ ನಕ್ಕಿದ್ದರು. ನಡೀನ್ ಕೋವಿಯನ್ನು ಮೆಲ್ಲಗೆ ಹಲಗೆಯ ಮೇಲಿಟ್ಟು, "ಹಾಗಾದ್ರೆ ನೀನೇ ಹೊಡಿ," ಎಂದು ಕಾರಿಗೆ ಹೋಗಿ ಕೂತಿದ್ದಳು. ಅಂದಿನಿಂದ ಅವನೆದುರು ಅವಳು ಕೋವಿ ಮುಟ್ಟಿದ್ದಿಲ್ಲ. ಈಗ ಗುಂಡಿಗೆ ಕರೆದರೆ ತನ್ನ ಬಾಯಿ ಸುಮ್ಮನಿರದು, ಅವಳು ಮತ್ತೆ ಕೆಳಗಿಡುತ್ತಾಳೆ, ಬರಿಗೈಯಲ್ಲಿ ಕಾಲುವೆಗೆ ಹೋಗುತ್ತಾಳೆ. ಹೀಗೆ ಲೆಕ್ಕ ಹಾಕಿದ ಬಡಪಾಯಿ, ತಾನು ಅಷ್ಟೊಂದು ಪರೀಕ್ಷಿಸಿದ್ದೇನಲ್ಲ, ಸಾಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪರೀಕ್ಷಿಸಿದ್ದು ಅಂಗಡಿಯ ಭಾರದ, ಅಷ್ಟಾಗಿ ಒದೆಯದ ಕೋವಿಯಲ್ಲಿ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ.

ಕಾಲುವೆಗೆ ನೀರು ಬಿಡಲು ಎರಡು ದಿನವಿತ್ತು. ಶನಿವಾರ ಬೆಳಗ್ಗೆ ಹತ್ತು ಗಂಟೆ. ದನದ ಸಾಹುಕಾರ ಆರಿನ್ ಸ್ಟಾಡರ್ಡ್‌ಗೆ ಡೆಲ್ ಐದನೆಯ ತೋಟೆಯ ಪುರಾಣ ಹೇಳುತ್ತಿದ್ದಾಗ ನಡೀನ್ ಒಳಗೆ ಬಂದಳು. ಕೈಯಲ್ಲಿ ಮರಳು ತುಂಬಿದ ಬಕೆಟ್ಟು. ಮರಳಿನಲ್ಲಿ ಮೂತಿ ಕೆಳಗಾಗಿ ನಿಂತ ರಿವಾಲ್ವರು. ಹಿಂದೆಯೇ ಕೇಶಾಲಂಕಾರದ ಅಂಗಡಿಯ ಲವಾನ್, ನಗು ತಡೆಯಲು ತುಟಿ ಕಚ್ಚಿಕೊಂಡು.

"ತಿರುಗ್ಸು," ಎಂದಳು ನಡೀನ್, ಬಕೆಟ್ಟನ್ನು ಕಟ್ಟೆಯ ಮೇಲಿಟ್ಟು.

ಡೆಲ್ ಹೆಬ್ಬೆರಳಿನಿಂದ ಉರುಳೆಯನ್ನು ತಳ್ಳಿದ. ತಿರುಗಲಿಲ್ಲ. ಕನ್ನಡಕ ಇಳಿಸಿ ನೋಡಿದ. ಒಂದು ಗುಂಡು ಮೂತಿ ಚಾಚಿ ಕಚ್ಚಿಕೊಂಡಿತ್ತು.

"ಎಷ್ಟನೇದಕ್ಕೆ?" ಎಂದ. ಅವನಿಗೇ ಅವನ ದನಿ ಕೇಳಿಸಲಿಲ್ಲ.

"ಎರಡು ಹೋಯ್ತು. ಮೂರನೇದಕ್ಕೆ ನಿಂತ್ಬಿಡ್ತು. ಲವಾನ್ ಜೊತೆ ಗುಂಡಿಗೆ ಹೋಗಿದ್ದೆ."

ಆರಿನ್ ಬಗ್ಗಿ ನೋಡಿ ತಲೆಯಾಡಿಸಿದ. "ಥೂ! ಪರೀಕ್ಷೆ ಮಾಡಿಸ್ದೆ ಇದನ್ನ ಕೊಟ್ಟ ಪುಣ್ಯಾತ್ಮ ಯಾರಮ್ಮಾ? ಅಂಥವನ ಅಂಗಡೀನೇ ಮುಚ್ಚಿಸ್ಬೇಕು!"

ಲವಾನ್ ಕೋಳಿಮೇವಿನ ಚೀಲದ ಕಡೆ ತಿರುಗಿಕೊಂಡಳು.

"ನಾನೇ," ಎಂದ ಡೆಲ್.

ಆರಿನ್ ಟೋಪಿ ಹಾಕಿಕೊಂಡು, ಮನೆಯಲ್ಲೇನೋ ಕೆಲಸವಿದೆಯೆಂದು ಗೊಣಗಿ, ತೋಟೆ ಕೊಳ್ಳದೆಯೇ ಹೊರಟುಹೋದ. ಡೆಲ್ ಕೋವಿಯನ್ನು ಮರಳಿಗೇ ಗುರಿಯಾಗಿಟ್ಟುಕೊಂಡು ಬಹಳ ಹೊತ್ತು ಹೆಣಗಿ ಆ ತೋಟೆಯನ್ನು ಬಿಡಿಸಿದ. ಕಣ್ಣ ಮುಂದೆ ಮೇಲಿನ ತೂಬು, ಸಲಿಕೆ ಹಿಡಿದ ಒಬ್ಬ, ಕಚ್ಚಿಕೊಂಡ ಕಬ್ಬಿಣದ ತುಂಡು ಹಿಡಿದು ನಿಂತ ನಡೀನ್. ತಾನೇ ಅವಳನ್ನು ಕೊಲ್ಲುತ್ತಿದ್ದೆನಲ್ಲ ಎಂದುಕೊಂಡ.

"ಊರೋರನ್ನೆಲ್ಲ ಎಳ್ಕೊಂಡು ಹೋಗಿ ಅಲ್ಲಿ ನಿಲ್ಲಿಸ್ತೀಯ. ನನ್ನನ್ಯಾಕೆ ಕರೀಲಿಲ್ಲ?" ಎಂದಳು ನಡೀನ್. ಸಿಟ್ಟಿರಲಿಲ್ಲ ಅದರಲ್ಲಿ, ನೋವಿತ್ತು.

"ಹೆದ್ರಿಕೆ ಆಯ್ತು."

"ಗುಂಡಿಗಾ?"

"ನಿನಗೆ. ನಾನು ಏನಾದ್ರೂ ಅಂದ್ಬಿಡ್ತೀನಿ, ನೀನು ಆವತ್ತಿನ ತರ ಕೆಳಗಿಟ್ಬಿಡ್ತೀಯ ಅಂತ."

ನಡೀನ್ ಕೋವಿಯನ್ನು ಜೇಬಿಗೆ ಹಾಕಿಕೊಂಡಳು. "ಅಂಗಡಿಗೆ ಬೀಗ ಹಾಕು, ಬಾ," ಎಂದಳು. "ಒಂದು ಮಾತಾಡಿದ್ರೆ ನೋಡು."

ಶನಿವಾರ ಬೆಳಗ್ಗೆ ಅಂಗಡಿಗೆ ಬೀಗ ಬಿದ್ದದ್ದು ನಮ್ಮೂರಿನಲ್ಲಿ ಅದೇ ಮೊದಲು. ಡೆಲ್ ಒಂದು ಹಿಡಿ ಸೂರ್ಯಕಾಂತಿ ಬೀಜವನ್ನು ಬಾಯಿಗೆ ಹಾಕಿಕೊಂಡ. ಬಾಯಿ ತುಂಬಿದ್ದರೆ ಮಾತು ಹೊರಡದು ಎಂಬ ಉಪಾಯ. ನಡೀನ್ ಕೆಳಗಿನ ಹಲಗೆಯಿಂದ ತಾನೇ ಆರಿಸಿದ ಡಬ್ಬಿಯನ್ನು ತಂದಿದ್ದಳು. ಅವನು ಖಾಲಿ ಡಬ್ಬಕ್ಕೆ ಗುರಿಯಿಟ್ಟು ಹೊಡೆಯುವ ಹುಡುಗಾಟಕ್ಕೆ ಮಾತ್ರ ಎಂದು ಮೂಲೆಗೆ ತಳ್ಳಿದ್ದ ಹಳೆಯ ಬಗೆಯದು. ಚಪ್ಪಟೆ ಮೂತಿಯ ಸೀಸದ ಗುಂಡು, ಸಾಧಾರಣ ಮದ್ದು.

"ಇದು ಅರಳಲ್ಲ ಅಂತ ತಾನೆ ನಿನ್ನ ಗೊಣಗಾಟ? ಅರಳೋದೇನಿದೆ ಇದರಲ್ಲಿ, ಇದು ಹುಟ್ಟುತ್ಲೇ ಅಗಲ," ಎಂದು ನಗಾಡಿ, ತುಂಬಿ, ಹಿಡಿದಳು.

ಬಲ ಹೆಬ್ಬೆರಳು ಕೆಳಕ್ಕೆ. ಅದರ ಮೇಲೆ ಎಡ ಹೆಬ್ಬೆರಳು, ಗಂಟು ಬಿಗಿದ ಹಾಗೆ. ಡೆಲ್ ಅಗಿಯುವುದನ್ನು ನಿಲ್ಲಿಸಿದ. ನಾಲ್ಕು ಸದ್ದು, ಅವಸರವಿಲ್ಲದೆ. ಹದಿನೈದು ಹೆಜ್ಜೆ ದೂರದ ಕಾಫಿ ಡಬ್ಬದ ಮುಚ್ಚಳದಲ್ಲಿ ನಾಲ್ಕು ತೂತು, ನಾಲ್ಕನ್ನೂ ಒಂದು ಅಂಗೈಯಲ್ಲಿ ಮುಚ್ಚಬಹುದು. ಕೋವಿ ಒದೆಯಿತು. ಅವಳ ಕೈ ಅದನ್ನು ಇದ್ದಲ್ಲೇ ಕೂರಿಸಿತು.

ಅವನು ಐದನೆಯ ತೋಟೆಯನ್ನು ತೆಗೆದು ಹೊಸದರ ಪಕ್ಕ ನಿಲ್ಲಿಸಿ ಅಳತೆಪಟ್ಟಿ ಹಿಡಿದ. ಇನ್ನೊಮ್ಮೆ ಹಿಡಿದ. ಕೂದಲೆಳೆಯಷ್ಟೂ ಜರುಗಿರಲಿಲ್ಲ. ಬೆರಳೆತ್ತಿ ಸರಿ ಎಂದು ಸನ್ನೆ ಮಾಡಿದ.

"ಲವಾನ್ ಹೊಡೆಯೋದನ್ನ ನೋಡ್ದೆ ಬೆಳಗ್ಗೆ," ಎಂದಳು ನಡೀನ್, ಕೋವಿಯನ್ನು ಒರೆಸುತ್ತ. "ಈ ಹಿಡಿತ ಯಾರು ಹೇಳ್ಕೊಟ್ರೇ ಅಂದೆ. ನಿನ್ನ ಗಂಡನೇ, ಊರಿಗೆಲ್ಲ ಅವನೇ ಹೇಳ್ಕೊಡ್ತಾನೆ ಅಂದ್ಲು. ಈಗ ಬಾಯಲ್ಲಿರೋದನ್ನ ಉಗಿದು ಹೇಳು. ನಿನಗ್ಯಾರು ಹೇಳ್ಕೊಟ್ರು?"

ಡೆಲ್ ಬೀಜಗಳನ್ನು ಜಲ್ಲಿಗೆ ಉಗಿದ.

"ನೀನು," ಎಂದ. "ನಾನು ಬಿಡಿಸಿಟ್ಟೆನಲ್ಲ ಆವತ್ತು, ಆ ಹಿಡಿತ. ಮುಂದಿನ ಬೇಸಿಗೇಲಿ ಒಬ್ಬನೇ ಬಂದು ಹಾಗೇ ಹಿಡ್ದು ನೋಡ್ದೆ. ನಿಂದೇ ಸರಿ ಇತ್ತು, ನಡೀನ್. ನಂದೇ ತಪ್ಪು."

"ನಲವತ್ತು ವರ್ಷ! ಪಾದ್ರಿಗೂ ಹೇಳ್ಕೊಟ್ಟೆಯಲ್ಲೋ ಮಾರಾಯ. ನನಗೊಂದು ಮಾತು ಹೇಳೋಕಾಗ್ಲಿಲ್ಲವಾ?"

"ಬೇರೆ ಎಲ್ಲಾ ಮಾತೂ ಬಂತು. ಅದೊಂದು ಬರ್ಲಿಲ್ಲ," ಎಂದ ಡೆಲ್. ಅವನ ಕಣ್ಣು ಒದ್ದೆಯಾಗಿತ್ತು. ನಡೀನ್ ಅವನ ತೋಳಿಗೆ ಚೆನ್ನಾಗಿ ಒಂದು ಗುದ್ದಿ, ಆಮೇಲೆ ಅದೇ ತೋಳು ಹಿಡಿದುಕೊಂಡು ದಿಬ್ಬ ಹತ್ತಿದಳು.

ಸೋಮವಾರ ಕಾಲುವೆಗೆ ನೀರು ಬಂತು. ಬೆಳಗಿನ ಜಾವವೇ ಪಿಕಪ್ ಏರಿ ನಡೀನ್ ಹೋದಳು, ಕೋಟಿನ ಜೇಬಿನಲ್ಲಿ ಚಪ್ಪಟೆ ಮೂತಿಯ ಐದು ತೋಟೆ. ಮಧ್ಯಾಹ್ನ ಆರಿನ್ ಸ್ಟಾಡರ್ಡ್ ಮುಖ ಸಣ್ಣದು ಮಾಡಿಕೊಂಡು ಮತ್ತೆ ಬಂದ. ಡೆಲ್ ಅವನನ್ನು ಗುಂಡಿಗೆ ಕರೆದೊಯ್ದು, ಅವನ ದಪ್ಪ ಬೆರಳುಗಳನ್ನು ಒಂದರ ಮೇಲೊಂದು ಕೂರಿಸಿದ.

"ಪರವಾಗಿಲ್ವೇ, ಅಲ್ಲಾಡೋದೇ ಇಲ್ಲ," ಎಂದ ಆರಿನ್. "ಯಾರು ಹೇಳ್ಕೊಟ್ಟಿದ್ದು ಇದನ್ನ?"

"ನನ್ನ ಹೆಂಡ್ತಿ," ಎಂದ ಡೆಲ್. "ಈಗ ಕಾಲುವೆ ಮೇಲಿದ್ದಾಳೆ. ಐದೂವರೆಗೆ ಬರ್ತಾಳೆ." ಹಾಗೆಂದು ಗಡಿಯಾರ ನೋಡಿಕೊಂಡ. ಇನ್ನೂ ಎರಡೂಕಾಲು.