ರೇವಣಪ್ಪನ ಬಲಗೈಗೆ ಬಂದ ದೇವರು

ಬುಕ್ಕಾಂಬುಧಿಯ ಕುರಿಗಾರ ರೇವಣಪ್ಪನು ಹುಟ್ಟಿದ್ದು ೧೯೦೪ನೆಯ ಇಸವಿಯಲ್ಲಿ. ತಿಂಗಳು, ತಾರೀಖುಗಳನ್ನು ಯಾರೂ ಬರೆದಿಟ್ಟಿಲ್ಲವಾದ್ದರಿಂದ ಅವನ್ನು ಊಹಿಸಿ ಹೇಳುವುದು ತರವಲ್ಲ. ಆದರೆ ಅವನ ಬಲಗೈಗೆ ದೇವರು ಬಂದ ದಿನ ಖಚಿತವಾಗಿ ಗೊತ್ತಿದೆ: ೧೯೬೧ನೆಯ ನವೆಂಬರ್ ೫, ಭಾನುವಾರ. ಅಂದು ಅವನು ಬೀರಪ್ಪನ ಗುಡಿಯ ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದಾಗ ತೊಡೆಯ ಮೇಲಿದ್ದ ಕೈ ತಾನಾಗಿ ನಡುಗತೊಡಗಿತು. ಹೆಬ್ಬೆರಳೂ ತೋರುಬೆರಳೂ ಹೊಗೆಸೊಪ್ಪು ತಿಕ್ಕುವಂತೆ ಉಜ್ಜಾಡಿದವು. ಎದುರಿಗಿದ್ದವರು ಭಕ್ತಿಯಿಂದ ಕೈಮುಗಿದರು.

ಅಲ್ಲಿಯವರೆಗೆ ರೇವಣಪ್ಪನ ಮಾತನ್ನು ಅವನ ಕುರಿಗಳೂ ಪೂರ್ತಿ ಕೇಳಿದ್ದಿಲ್ಲ. ಈಗ ಊರೇ ಅವನೆದುರು ಕುಳಿತು ಅಪ್ಪಣೆ ಕೇಳತೊಡಗಿತು. ಕೈ ನಡುಗಿದರೆ ಆಗಬಹುದು, ನಿಂತರೆ ಕೂಡದು. ಕುರಿ ಕಡಿದ ಮನೆಯಲ್ಲೆಲ್ಲ ತಲೆಮಾಂಸ ಅವನ ಪಾಲಾಯಿತು.

ಹೆಂಡತಿ ದ್ಯಾಮಮ್ಮ ಮಾತ್ರ ಒಪ್ಪಲಿಲ್ಲ. “ಇದೆಂಥಾ ದೇವ್ರು ಕಣ್ರೀ? ತಟ್ಟೆ ಕಂಡ್ರೆ ಓಡೋಗ್ತದೆ!”

ಅದು ನಿಜವೂ ಆಗಿತ್ತು; ಉಣ್ಣಲು ಕೈ ಚಾಚಿದೊಡನೆ ನಡುಕ ನಿಲ್ಲುತ್ತಿತ್ತು. ಆದರೆ ಇತ್ತೀಚೆಗೆ ಹೆಜ್ಜೆ ಗಿಡ್ಡವಾಗಿದೆ, ಉಣ್ಣೆ ಕತ್ತರಿಸುವಾಗ ಕೈ ತಡವರಿಸುತ್ತಿದೆ ಎಂಬುದನ್ನು ರೇವಣಪ್ಪ ಅವಳಿಗೆ ಹೇಳಿರಲಿಲ್ಲ. ಹೇಳಿದರೆ ದೊರೆತ ಮರ್ಯಾದೆ ಎಲ್ಲಿ ಹೋಗುವುದೋ ಎಂಬ ಅಳುಕು.

೧೯೬೩ನೆಯ ಏಪ್ರಿಲ್ ೧೪, ಭಾನುವಾರ, ನೆರೆಮನೆಯ ಸಣ್ಣಬೀರಪ್ಪನಲ್ಲಿ ಹರಕೆಯ ಊಟ. ಬೆಂಗಳೂರಿನಲ್ಲಿ ಮೆದುಳಿನ ರಸಾಯನಗಳ ಮೇಲೆ ಸಂಶೋಧನೆ ನಡೆಸುತ್ತಿದ್ದ, ರೇವಣಪ್ಪನ ತಂಗಿಯ ಮಗ ತೀರ್ಥಪ್ಪನೂ ರಜೆಯ ಮೇಲೆ ಬಂದಿದ್ದ. ಸಣ್ಣಬೀರಪ್ಪನು ಕೈಮುಗಿದು, “ಸ್ವಾಮಿ, ನಮ್ಮ ಮಗಳು ಕರಿಬಸಮ್ಮನ್ನ ಶಿವನಿ ಊರಿನ ಹುಡುಗನಿಗೆ ಕೊಡಬೋದಾ?” ಎಂದು ಕೇಳಿದ. ಹುಡುಗ ರೈಲ್ವೆ ಗ್ಯಾಂಗ್‌ಮನ್. ಕರಿಬಸಮ್ಮನ ಮನಸ್ಸಿಗೂ ಬಂದವನು. ಅಷ್ಟರಲ್ಲಿ ಮನೆಯೊಡತಿ ದುರ್ಗಮ್ಮ ತಲೆಮಾಂಸದ ಬಟ್ಟಲನ್ನು ತಂದಿಟ್ಟಳು. ಘಮ ಮೂಗಿಗೆ ಬಡಿಯಿತು. ರೇವಣಪ್ಪ ಅಪ್ಪಣೆಯನ್ನು ಮರೆತು ಬಟ್ಟಲಿಗೆ ಕೈ ಚಾಚಿದ. ಕೈ ನಿಂತಿತು.

“ಅಪ್ಪಣೆ ಇಲ್ಲ!” ಎಂದು ಪಂಕ್ತಿ ಉದ್ಗರಿಸಿತು. ಬಾಗಿಲ ಮರೆಯಲ್ಲಿ ಕರಿಬಸಮ್ಮ ಅಳತೊಡಗಿದಳು.

ತೀರ್ಥಪ್ಪನು ಮಾವನನ್ನು ಹಿತ್ತಿಲ ಬಣವೆಯ ಹಿಂದಕ್ಕೆ ಕರೆದೊಯ್ದ.

“ಮಾವ, ಸುಮ್ನಿದ್ದಾಗ ನಡುಗಿ, ಏನಾದ್ರೂ ಹಿಡಿಯಾಕೆ ಹೋದ್ರೆ ನಿಲ್ತದೆ, ಹೌದಾ?”

“ಹೌದು ಕಣೋ.”

“ನಡಿಗೆ?”

“ಹೆಜ್ಜೆ ಗಿಡ್ಡ ಆಗೈತೆ,” ಎಂದ ರೇವಣಪ್ಪ, ಬಣವೆಯ ಕಡೆ ನೋಡುತ್ತ.

“ಇದು ಕಾಯ್ಲೆ ಮಾವ. ಮೆದುಳಲ್ಲಿ ಒಂದು ರಸ ಐತೆ, ಅದು ಬತ್ತಿದ್ರೆ ಹಿಂಗಾಗ್ತದೆ ಅಂತ ಹೊರದೇಶದೋರು ಈಚೆಗೆ ಕಂಡ್ಕೊಂಡವ್ರೆ. ಕುರಿ ಮೆದುಳಲ್ಲಿ ಅದು ಎಷ್ಟೈತೆ ಅಂತ ನಾವೂ ಅಳೀತಿದೀವಿ.”

“ಅಳೆದು ತಿಂತೀರಾ?”

“ಇಲ್ಲ, ಅರೆದು ಚೆಲ್ತೀವಿ.”

“ಥೂ, ಎಂಥಾ ಹಾಳು ಕೆಲ್ಸನೋ!” ಎಂದು ಮರುಗಿದ ರೇವಣಪ್ಪ, ಮೆಲ್ಲಗೆ ಕೇಳಿದ: “ವಾಸಿ ಆಗ್ತದಾ?”

“ವಾಸಿ ಮಾಡೋ ಔಷಧಿ ಇನ್ನೂ ಹುಡುಕ್ತಾವ್ರೆ. ನಡುಕ ಕಮ್ಮಿ ಮಾಡೋ ಮಾತ್ರೆ ಐತೆ.”

“ನಡುಕ ಹೋದ್ರೆ ದೇವ್ರೂ ಹೋಯ್ತು.”

“ಒಳಗೆ ಹುಡುಗಿ ಅಳ್ತಾವ್ಳೆ ಮಾವ.”

ರೇವಣಪ್ಪ ಕಂಬಳಿ ಕೊಡವಿಕೊಂಡು ಒಳಗೆ ಬಂದ. “ಲೇ ಸಣ್ಣಬೀರ, ದೇವ್ರು ಬ್ಯಾಡ ಅಂದಿಲ್ಲ. ನಾನು ಮಾಂಸಕ್ಕೆ ಕೈ ಹಾಕ್ದೆ ಅಷ್ಟೆ. ಇದು ಕಾಯ್ಲೆ ಕಣೋ.”

“ನಮ್ಮ ಭಕ್ತಿ ಪರೀಕ್ಷೆ ಮಾಡ್ತೀರಾ ಸ್ವಾಮಿ?”

“ಸ್ವಾಮಿ ಅಲ್ಲ ಕಣೋ, ರೇವಣ! ಇಲ್ನೋಡು.”

ಕೈಯನ್ನು ತೊಡೆಯ ಮೇಲಿಟ್ಟ; ನಡುಗಿತು. ಬಟ್ಟಲಿಗೆ ಚಾಚಿದ; ನಿಂತಿತು. ಎಲ್ಲರಿಗೂ ಮನವರಿಕೆಯಾಗುವವರೆಗೆ ಇದನ್ನೇ ಮಾಡಿ ತೋರಿಸಿದ. ಪ್ರತಿ ಸಲವೂ ಒಂದೊಂದು ತುಂಡು ಬಾಯಿಗೆ ಹೋಗುತ್ತಿದ್ದುದರಿಂದ ಬಟ್ಟಲೂ ಬರಿದಾಯಿತು.

ಸಣ್ಣಬೀರಪ್ಪನ ಮುಗಿದ ಕೈಗಳು ಕೆಳಗಿಳಿದವು. “ಲೇ ರೇವಣ! ಒಂದೂವರೆ ವರ್ಷದಿಂದ ಊರಿನ ಕುರಿ ತಲೆನೆಲ್ಲಾ ನೀನೇ ತಿಂದ್ಯಲ್ಲೋ!”

ಪಂಕ್ತಿಯೆಲ್ಲ ನಕ್ಕಿತು. ಹೆಂಗಸರ ನಡುವೆ ಇದ್ದ ದ್ಯಾಮಮ್ಮ ಮಾತ್ರ ನಗಲಿಲ್ಲ. ಗಂಡನ ಬಳಿಗೆ ಬಂದು ಆ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಳು. “ಹೇಳ್ಬಾರ್ದಿತ್ತೇನ್ರೀ?” ಎಂದಳು.

ಕರಿಬಸಮ್ಮನ ಮದುವೆ ಮೇ ೬, ಸೋಮವಾರ ನಡೆಯಿತು. ಜೂನ್ ೧೦, ಸೋಮವಾರ, ಮಾತ್ರೆ ಬರೆಸಿಕೊಳ್ಳಲು ರೇವಣಪ್ಪ, ಮತ್ತೆ ಊರಿಗೆ ಬಂದಿದ್ದ ತೀರ್ಥಪ್ಪನೊಡನೆ ಬೆಂಗಳೂರಿಗೆ ಹೊರಟ. ಅಜ್ಜಂಪುರದ ಸ್ಟೇಷನ್ನಿನ ಬೆಂಚಿನ ಮೇಲೆ, ಕೈಯನ್ನು ಕಂಬಳಿಯೊಳಗೆ ಮುಚ್ಚಿಡದೆ ಎಲ್ಲರಿಗೂ ಕಾಣುವಂತೆ ಕುಳಿತಿದ್ದ. ಕೈಗೆ ಬಂದ ದೇವರ ಸುದ್ದಿ ಕೇಳಿದ್ದ ದೂರದ ಊರಿನವನೊಬ್ಬ ಅದರ ನಡುಕ ಕಂಡು ಚಪ್ಪಲಿ ಕಳಚಿ ಅಡ್ಡಬಿದ್ದ.

“ಏಳಪ್ಪಾ ಏಳು,” ಎಂದ ರೇವಣಪ್ಪ ಪಕ್ಕಕ್ಕೆ ಸರಿದು ಜಾಗ ಮಾಡುತ್ತ, “ದೇವ್ರಲ್ಲ, ಕಾಯ್ಲೆ. ಕೂತ್ಕೋ ಬಾ, ರೈಲು ಇನ್ನೂ ತಡ ಐತಂತೆ.”