ಬೆನ್ನು ಮಾಡದ ನಟಿ

ನಾರಾಯಣಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆ ಹಿರಿಯ ನಟಿ, ನಮ್ಮಲ್ಲಿಂದ ಹೊರಡುವಾಗಲೂ ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟೇ ಹೊಸ್ತಿಲು ದಾಟುತ್ತಿದ್ದರು. "ಕುಂತ ಮಂದಿಗಿ ಬೆನ್ನ ಮಾಡಬಾರ್ದವ್ವ" ಎನ್ನುವುದು ಅವರ ಮಾತು. ಕಂಪನಿ ನಾಟಕದಲ್ಲಿ ಕಲಿತದ್ದು. ಸಿನಿಮಾದಲ್ಲಿ ಅದೇ ಮುಳುವಾಯಿತು. ಮಗ ಸತ್ತ ದೃಶ್ಯದಲ್ಲೂ ಹೆಣ ಬಿಟ್ಟು ಕ್ಯಾಮೆರಾದ ಕಡೆ ತಿರುಗಿ ಅತ್ತರಂತೆ. "ಆಮ್ಯಾಲ ಯಾರೂ ಕರೀಲಿಲ್ಲ ನೋಡು" ಎಂದು ನಗುತ್ತಿದ್ದರು.

ನನ್ನ ಅವ್ವನಿಗೆ ಕಿವಿ ಪೂರ್ತಿ ಹೋಗಿತ್ತು. ನಾವು ಮಗ್ಗದಲ್ಲಿ ಕೂತಲ್ಲಿಂದಲೇ ಕೂಗುತ್ತಿದ್ದೆವು; ಬೈಯುತ್ತಿದ್ದೇವೆಂದು ಅವಳು ಮುಖ ಸಣ್ಣ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ನಟಿ ಅವಳೆದುರು ಕೂತು, ಮಕ್ತಲಿನ ನಾಟಕದಲ್ಲಿ ತಮ್ಮ ಕಿರೀಟ ಜಾರಿ ಹಾರ್ಮೋನಿಯಂ ಮೇಲೆ ಬಿದ್ದ ಕತೆ ಹೇಳಿದರು. ದನಿ ಏರಿಸಲೇ ಇಲ್ಲ. ಅವರ ತುಟಿಗಳನ್ನೇ ನೋಡುತ್ತಿದ್ದ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಕೇಳಿ ವರ್ಷಗಳೇ ಆಗಿದ್ದವು.

ನಾನು ಓಡಿಬಂದು ಅವಳ ಮುಂದೆ ಕುಕ್ಕರಿಸಿದೆ. "ನಿನಗ ಕೇಳಸ್ತೇನವ್ವ?"

"ಇಲ್ಲ. ಈಕಿ ಮಾತು ಕಾಣಸ್ತೈತಿ."

ನಟಿ ಈಗಿಲ್ಲ. ಅವ್ವನಿಗೆ ಏನಾದರೂ ಹೇಳಬೇಕಾದಾಗ ನಾನು ಮಗ್ಗ ಬಿಟ್ಟೆದ್ದು ಅವಳೆದುರು ಹೋಗಿ ಕೂಡುತ್ತೇನೆ. ಅವ್ವ ಸೆರಗು ಸರಿಮಾಡಿಕೊಂಡು, ನನ್ನ ತುಟಿಗಳ ಮೇಲೆ ಕಣ್ಣಿಟ್ಟು ಹೇಳುತ್ತಾಳೆ:

"ಹೂಂ, ಪರದೆ ಎತ್ತು."