ಅಂಚು ಕಟ್ಟದ ಬಲೆ

ಕೊಳ್ಳೇಗಾಲದ ಕೆಂಪನಂಜಪ್ಪ ರೇಷ್ಮೆ ಸೀರೆ ನೇಯುವವರು. ಕೆಲವು ವರ್ಷಗಳ ಹಿಂದೆ ಬಲ ತೊಡೆಸಂದಿನಲ್ಲಿ ಹರ್ನಿಯಾ ಆಗಿ ಆಪರೇಷನ್ ಮಾಡಿಸಿಕೊಂಡರು. ಸಡಿಲವಾದ ಜಾಗಕ್ಕೆ ಆಸರೆಯಾಗಿ ಬಟ್ಟೆಯಂಥ ಒಂದು ಬಲೆ ಇಡುತ್ತೇವೆ ಎಂದು ಡಾಕ್ಟರು ಹೇಳಿದಾಗ, ಅದನ್ನು ತೋರಿಸಲೇಬೇಕೆಂದು ಹಟ ಹಿಡಿದಿದ್ದರು. ತೋರಿಸಿದ ತುಂಡನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದ್ದರು. ಯಾವ ಬಟ್ಟೆಯನ್ನಾದರೂ ಹಾಗೆ ನೋಡುವುದೇ ಅವರ ರೂಢಿ. ನೂಲು ಗಟ್ಟಿಯಾಗಿತ್ತು. ಆದರೆ ಅಂಚು ಕಟ್ಟಿರಲಿಲ್ಲ, ಬರಿದೆ ಕತ್ತರಿಸಿ ಬಿಟ್ಟಿದ್ದರು. ಅಂಚಿಲ್ಲದ ಬಟ್ಟೆ ಎಷ್ಟು ದಿನ ಬಾಳುತ್ತದೆ? ಕೇಳಲು ಬಾಯಿ ಬರಲಿಲ್ಲ.

ಗಾಯ ಮಾಯಿತು. ಮತ್ತೆ ಮಗ್ಗಕ್ಕೆ ಕೂತರು. ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುವಾಗ ಗಾಯದ ಜಾಗದಲ್ಲೊಂದು ಸಣ್ಣ ನೋವು ಇದ್ದೇ ಇತ್ತು. ಈ ವರ್ಷ ಅದು ಸೂಜಿ ಚುಚ್ಚಿದಂತಾಗಿ, ತೊಡೆಯ ಒಳಭಾಗಕ್ಕೂ ಉರಿ ಇಳಿಯತೊಡಗಿತು. ನೂಲು ಬಿಚ್ಚಿಕೊಳ್ಳುತ್ತಿದೆ ಎಂದೇ ಅವರಿಗೆ ಖಾತ್ರಿಯಾಯಿತು. ಒಂದು ಎಳೆ ಬಿಟ್ಟರೆ ಪಕ್ಕದ್ದೂ ಬಿಡುತ್ತದೆ. ಆಮೇಲೆ ಕರುಳು ಜಾರಿ ಸಿಕ್ಕಿಹಾಕಿಕೊಳ್ಳುತ್ತದೆ. ಕೆಮ್ಮು ಬಂದರೆ ಎರಡೂ ಕೈಯಿಂದ ತೊಡೆಸಂದು ಒತ್ತಿ ಹಿಡಿಯುತ್ತಿದ್ದರು. ನೀರಿನ ಬಿಂದಿಗೆ ಮುಟ್ಟುತ್ತಿರಲಿಲ್ಲ. ಹಳೆಯ ಪಂಚೆ ಹರಿದು, ಉಸಿರು ಕಟ್ಟುವಷ್ಟು ಬಿಗಿಯಾಗಿ ಸೊಂಟಕ್ಕೆ ಸುತ್ತಿಕೊಂಡರು. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆಯೇ ಉಳಿಯಿತು.

ಹೆಂಡತಿ ಗುರುಬಸಮ್ಮ ಮೊದಲು ರೇಗಿಸಿದರು. “ಏನು, ಬಸ್ರಿ ಎಂಗ್ಸಿನಂಗೆ ಸೊಂಟ ಇಡ್ಕಂಡು ನಡೀತೀರಿ?”

ಅವರು ನಗಲಿಲ್ಲ. “ಬಲೆ ಬಿಚ್ಕತಾ ಅದೆ ಕಣಮ್ಮಿ. ಇನ್ನೊಂದ್ಸಲ ಕುಯ್ಯುಸ್ಕಳಕ್ಕೆ ನನ್ ಕೈಲಾಗಕ್ಕಿಲ್ಲ.”

“ಒಳ್ಗಡೆ ಇರದು ನಿಮ್ಗೆಂಗೆ ಕಾಣ್ತು?”

“ನಾನು ನೇಯೋನು. ನಂಗೊತ್ತಾಗಕ್ಕಿಲ್ವಾ?”

“ಡಾಕ್ಟ್ರುಗೂ ಒಸಿ ಗೊತ್ತಿರ್ತದೆ. ಎದ್ದೇಳಿ” ಎಂದು ಆಕೆ ಅಂದೇ ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರಮ್ಮ ಸುತ್ತಿದ ಬಟ್ಟೆ ಬಿಚ್ಚಿಸಿ, ನಿಲ್ಲಿಸಿ, ಕೆಮ್ಮಲು ಹೇಳಿದರು. ಕೆಂಪನಂಜಪ್ಪ ಗಂಟಲಲ್ಲೇ ಮೆಲ್ಲಗೆ ಕೆಮ್ಮಿದರು.

“ಜೋರಾಗಿ ಕೆಮ್ಮಿ.”

“ಕರುಳು ಬಂದ್ಬುಟ್ರೆ ಏನ್ಮಾಡದು, ಮೇಡಂ?”

“ನನ್ನ ಕೈ ಇಲ್ಲೇ ಇದೆಯಲ್ಲ, ಕೆಮ್ಮಿ.”

ಕಣ್ಣು ಮುಚ್ಚಿ ಕೆಮ್ಮಿದರು. ಏನೂ ಜಾರಲಿಲ್ಲ. ಸ್ಕ್ಯಾನಿಂಗ್‌ನಲ್ಲೂ ಬಲೆ ಇದ್ದಲ್ಲೇ ಇತ್ತು. ಆಗ ಅಂಚಿನ ವಿಷಯವನ್ನು ಕೇಳಿಯೇಬಿಟ್ಟರು. ಅದು ಬಟ್ಟೆಯ ಹಾಗೆ ಬಿಡಿಯಾಗಿ ನಿಂತಿಲ್ಲ, ಅದರ ಪ್ರತಿ ಕಣ್ಣಿನೊಳಗೂ ನಿಮ್ಮ ಮಾಂಸವೇ ಬೆಳೆದು ಹಿಡಿದುಕೊಂಡಿದೆ ಎಂದರು ಡಾಕ್ಟರಮ್ಮ. ನೋವು ಅಲ್ಲಿಯ ನರದ್ದು. ಈ ಆಪರೇಷನ್ ಆದ ಕೆಲವರಿಗೆ ಅದು ವರ್ಷಗಟ್ಟಲೆ ಉಳಿಯುತ್ತದೆ.

“ಯಾವಾಗ ಓಯ್ತದೆ?”

“ಮಾತ್ರೆ ಕೊಡ್ತೀನಿ. ಅದಕ್ಕೆ ಬಗ್ಗದಿದ್ದರೆ ಇಂಜೆಕ್ಷನ್ ಇದೆ. ಪೂರ್ತಿ ಹೋಗುತ್ತೆ ಅಂತ ಮಾತ್ರ ಹೇಳಕ್ಕಾಗಲ್ಲ. ಮಗ್ಗ ತುಳೀಬಹುದು. ಗಂಟು ಕಂಡರೆ, ವಾಂತಿ ಬಂದರೆ ತಕ್ಷಣ ಬನ್ನಿ.”

ಮರುದಿನ ಮಗ್ಗದ ಗುಂಡಿಗೆ ಕಾಲಿಳಿಸಿದರು. ಹಲಗೆಯ ಮೇಲೆ ಪಾದ ಇಟ್ಟರೂ ಒತ್ತುವ ಧೈರ್ಯ ಬರಲಿಲ್ಲ. ಗುರುಬಸಮ್ಮ ಪಕ್ಕದಲ್ಲಿ ಕೂತು ಕಾದರು. ಕೊನೆಗೆ ತುಳಿದರು. ಸೂಜಿ ಚುಚ್ಚಿತು. ಕೈ ತಾನಾಗಿ ತೊಡೆಸಂದಿಗೆ ಹೋಯಿತು. ಅಲ್ಲಿ ಗಂಟಿರಲಿಲ್ಲ.

“ನೋಯ್ತದಾ?”

“ನೋಯ್ತದೆ.”

ಬೆವರಿದ ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಲಾಳಿ ಓಡಿಸುವ ಹಗ್ಗ ಎಳೆದರು.